ಥ್ಯಾಂಕ್ಸ್ ಪತ್ರ: ಮಕ್ಕಳು ಮೊದಲು ನೋಡಲಿ, ಆಮೇಲೆ ಬರೆಯಲಿ

2020ರ ಮಾರ್ಚ್ 22ರ ಸಂಜೆ ನಾವೆಲ್ಲ ಬಾಲ್ಕನಿ, ಅಂಗಳಗಳಲ್ಲಿ ನಿಂತು ಚಪ್ಪಾಳೆ ತಟ್ಟಿದ್ದೆವು. ಆಸ್ಪತ್ರೆಯವರಿಗೆ, ಪೌರಕಾರ್ಮಿಕರಿಗೆ, ಪೊಲೀಸರಿಗೆ. ಈಗ ಪ್ರೈಮರಿಯಲ್ಲಿರುವ ಮಕ್ಕಳಿಗೆ ಅದು ನೆನಪಿಲ್ಲ. ಆದರೆ ಆ ಕೆಲಸಗಳು ಒಂದೂ ನಿಂತಿಲ್ಲ. ಕಸದ ಗಾಡಿ ಬರುತ್ತಲೇ ಇದೆ. ಜೂನ್‌ನ ಗಾಳಿಗೆ ತೆಂಗಿನ ಮಡಲು ತಂತಿ ಮೇಲೆ ಬಿದ್ದರೆ ವಿದ್ಯುತ್ ಕಂಪನಿ ಮೆಸ್ಕಾಂನ ಲೈನ್‌ಮ್ಯಾನ್ ಮಳೆಯಲ್ಲೇ ಕಂಬ ಹತ್ತುತ್ತಾರೆ. ಇವರಿಗೆ ಮಕ್ಕಳಿಂದ ಒಂದು ಪತ್ರ ಬರೆಸುವುದು ಹೇಗೆ ಅಂತ ನೋಡೋಣ.

ಒಬ್ಬರನ್ನು ಆರಿಸಲಿ

"ಎಲ್ಲ ಸೇವಾನಿರತರಿಗೆ" ಅಂತ ಬರೆದ ಪತ್ರ ಯಾರಿಗೂ ಸೇರುವುದಿಲ್ಲ. ಮಗು ಕಣ್ಣಾರೆ ಕಂಡ ಒಬ್ಬರು ಸಾಕು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಆಗಬಹುದು, ಜ್ವರ ಬಂದಾಗ ವೆನ್ಲಾಕ್ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಸಿಸ್ಟರ್ ಆಗಬಹುದು, ಮನೆಗೆ ಬರುವ ಆಶಾ ಕಾರ್ಯಕರ್ತೆ ಆಗಬಹುದು. ಯಾರು ಅಂತ ಮಗುವೇ ಹೇಳಲಿ. ನೀವು ಡಾಕ್ಟರ್ ಅಂದುಕೊಂಡಿದ್ದರೆ ಅದು ಪೋಸ್ಟ್‌ಮ್ಯಾನ್ ಮಾಮನ ಹೆಸರು ಹೇಳಬಹುದು. ಹಾಗೇ ಬಿಡಿ.

ಪೆನ್ನು ಕೊಡುವ ಮೊದಲು

ಇದೇ ಮುಖ್ಯ ಹಂತ. ಶಾಲೆಗಳಲ್ಲಿ ಜಾಸ್ತಿ ತಪ್ಪಿಹೋಗುವುದೂ ಇದೇ. ಬೋರ್ಡಿನ ಮೇಲೆ "ತಮ್ಮ ಅಮೂಲ್ಯ ಸೇವೆಗೆ ಹೃತ್ಪೂರ್ವಕ ಧನ್ಯವಾದಗಳು" ಅಂತ ಬರೆದು ನಲವತ್ತು ಮಕ್ಕಳಿಂದ ನಕಲು ಮಾಡಿಸಿದರೆ ಅದು ಕಾಪಿ ಬರವಣಿಗೆ, ಪತ್ರ ಅಲ್ಲ. ಓದುವವರಿಗೂ ಅದು ಗೊತ್ತಾಗುತ್ತದೆ.

ಬರೆಯುವ ಮೊದಲು ಕೆಲವು ದಿನ ಮಗು ಸುಮ್ನೆ ನೋಡಲಿ. ಬೆಳಿಗ್ಗೆ ಕಸದ ಗಾಡಿ ಬಂದಾಗ ಗೇಟಿನ ಹತ್ತಿರ ನಿಲ್ಲಿಸಿಕೊಳ್ಳಿ. ಗಾಡಿಯಲ್ಲಿ ಎಷ್ಟು ಜನ ಇದ್ದಾರೆ? ಕೈಗೆ ಗ್ಲೌಸ್ ಇದೆಯಾ? ಬಕೆಟ್ ಎತ್ತುವವರು ಯಾರು? ಮಳೆ ಬಂದರೆ ಏನು ಮಾಡುತ್ತಾರೆ? ಡೆಂಗಿ, ಮಲೇರಿಯಾ ಕೆಲಸಕ್ಕೆ ಬಂದವರು ಮನೆ ಹಿಂದೆ ಹೋಗಿ ಏನು ಹುಡುಕುತ್ತಾರೆ? ಗೆರಟೆ, ಹಳೇ ಟಯರು, ಅಡಿಕೆ ಹಾಳೆ, ಹೂಕುಂಡದ ತಟ್ಟೆಯಲ್ಲಿ ನಿಂತ ನೀರು. ಆ ನೀರನ್ನು ಚೆಲ್ಲಿದ್ದು ಯಾಕೆ ಅಂತ ಮಗುವೇ ಅವರನ್ನು ಕೇಳಲಿ. ಅಂಥ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ ಅಂತ ಅವರ ಬಾಯಿಂದ ಕೇಳಿದ ಮಗುವಿಗೆ ಬರೆಯಲು ವಿಷಯ ತಾನಾಗಿ ಸಿಗುತ್ತದೆ.

ದೊಡ್ಡ ಮಕ್ಕಳಾದರೆ ಕೆಲಸದ ಮುಂದಿನ ಕಥೆಯನ್ನೂ ಹೇಳಿ. ಮಂಗಳೂರಿನ ಕಸ ಪಚ್ಚನಾಡಿಯ ಡಂಪಿಂಗ್ ಯಾರ್ಡಿಗೆ ಹೋಗುತ್ತದೆ. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ರಾಶಿ ಜರಿದು ಪಕ್ಕದ ಮಂದಾರದ ಮನೆ, ತೋಟಗಳನ್ನು ಮುಚ್ಚಿತು. ನಮ್ಮ ಬಕೆಟ್ ಖಾಲಿಯಾದ ಮೇಲೂ ಕೆಲಸ ಮುಗಿಯುವುದಿಲ್ಲ ಅಂತ ಹೈಸ್ಕೂಲ್ ಮಕ್ಕಳಿಗೆ ಅರ್ಥವಾಗುತ್ತದೆ.

ಇನ್ನೊಂದು ಮಾತು: ಹೆಸರು ಕೇಳಲಿ. ವರ್ಷಗಟ್ಟಲೆ ಮನೆಗೆ ಬರುವವರ ಹೆಸರು ನಮಗೇ ಗೊತ್ತಿರುವುದಿಲ್ಲ, ಅಲ್ವಾ? "ಅಣ್ಣ, ನಿಮ್ಮ ಹೆಸರೇನು?" ಅಂತ ಮಗು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪತ್ರದ ಮೊದಲ ಸಾಲಿನಲ್ಲಿ ತನ್ನ ಹೆಸರು ಕಂಡಾಗ ಅದು ತನಗೇ ಬಂದದ್ದು ಅಂತ ಅವರಿಗೆ ಅನಿಸುತ್ತದೆ.

ಈಗ ಬರೆಯಲಿ

ಮೂರೇ ವಿಷಯ ಸಾಕು. ನಾನು ಏನು ನೋಡಿದೆ, ಅದರಿಂದ ನಮ್ಮ ಮನೆಗೆ ಏನಾಯಿತು, ನನಗೆ ಕೇಳಬೇಕು ಅನಿಸಿದ ಒಂದು ಪ್ರಶ್ನೆ. ಮೂರನೇ ಕ್ಲಾಸಿನ ಮಗು ಹೀಗೆ ಬರೆಯಬಹುದು:

"ನಮಸ್ತೆ ಅಣ್ಣ, ಮೊನ್ನೆ ರಾತ್ರಿ ನಮ್ಮ ಓಣಿಯ ತಂತಿ ಮೇಲೆ ಮಡಲು ಬಿತ್ತು. ನೀವು ರೈನ್‌ಕೋಟ್ ಹಾಕಿ ಕಂಬ ಹತ್ತಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಇನ್ನೊಬ್ಬರು ಕೆಳಗೆ ಟಾರ್ಚ್ ಹಿಡಿದಿದ್ದರು. ಕರೆಂಟ್ ಬಂದ ಮೇಲೆ ಅಜ್ಜಿಗೆ ನಿದ್ದೆ ಬಂತು. ಮೇಲೆ ನಿಮಗೆ ಹೆದರಿಕೆ ಆಗಲ್ವಾ? ಥ್ಯಾಂಕ್ಸ್ ಅಣ್ಣ."

ಇದರಲ್ಲಿ ಹೊಗಳಿಕೆ ಒಂದೂ ಇಲ್ಲ. ಆದರೂ ಕಂಬ ಹತ್ತಿದವರಿಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಭಾಷೆ ಯಾವುದಾದರೂ ಆಗಬಹುದು. ನಮ್ಮಲ್ಲಿ ತುಳು, ಕೊಂಕಣಿ, ಬ್ಯಾರಿ ಮನೆಯಲ್ಲಿ ಮಾತಾಡುವ ಮಕ್ಕಳು ಎಷ್ಟೋ ಜನ. ಪತ್ರ ಪಡೆಯುವವರದ್ದೂ ಅದೇ ಭಾಷೆಯಾದರೆ ಕನ್ನಡ ಅಕ್ಷರದಲ್ಲಿ ಅದನ್ನೇ ಬರೆಯಲಿ. ಕೆಲಸಕ್ಕಾಗಿ ಉತ್ತರ ಕರ್ನಾಟಕದಿಂದ ಬಂದವರಾದರೆ ಕನ್ನಡವೇ ಸರಿ. ಅವರಿಗೆ ಓದಲು ಬಾರದಿದ್ದರೆ ಮಗು ಎದುರು ನಿಂತು ಓದಿ ಹೇಳಲಿ. ಅದರಲ್ಲಿ ಸಂಕೋಚ ಬೇಡ.

ಯುಕೆಜಿ ಮಕ್ಕಳು ಚಿತ್ರ ಬಿಡಿಸಲಿ. ಅವರು ಹೇಳಿದ್ದನ್ನು ನೀವು ಕೆಳಗೆ ಬರೆಯಿರಿ, ಹೇಳಿದ ಹಾಗೇ. ತಿದ್ದಬೇಡಿ. ದೊಡ್ಡ ಮಕ್ಕಳ ಪತ್ರದಲ್ಲೂ ಹೆಸರು, ವಿಳಾಸ ಸರಿಯಿದ್ದರೆ ಸಾಕು. ಒತ್ತಕ್ಷರ ತಪ್ಪಿತು ಅಂತ ಕೆಂಪು ಪೆನ್ನು ತೆಗೆದರೆ ಮುಂದಿನ ಪತ್ರವನ್ನು ಆ ಮಗು ಬರೆಯುವುದಿಲ್ಲ.

ಮಳೆಗಾಲವಾದರೆ ಬಾಲ್ ಪೆನ್ ಕೊಡಿ. ಎಷ್ಟೋ ಜೆಲ್ ಪೆನ್ನುಗಳ ಶಾಯಿ ಒಂದು ಹನಿಗೇ ಹರಡುತ್ತದೆ.

ತಲುಪಿಸುವುದು

ಕೈಯಲ್ಲೇ ಕೊಟ್ಟರೆ ಒಳ್ಳೆಯದು. ಆದರೆ ಹೊತ್ತು ನೋಡಿ ಕೊಡಬೇಕು. ಕಂಡಕ್ಟರ್ ಟಿಕೆಟ್ ಕೊಡುವ ಗಡಿಬಿಡಿಯಲ್ಲಿರುವಾಗ ಬೇಡ, ಇಳಿಯುವಾಗ ಕೊಡಲಿ. ಲೈನ್‌ಮ್ಯಾನ್ ಕಂಬದ ಹತ್ತಿರ ಇರುವಾಗಲಂತೂ ಬೇಡವೇ ಬೇಡ. ಕರೆಂಟ್ ಬಿಲ್ಲಿನಲ್ಲಿ ಮೆಸ್ಕಾಂ ಉಪವಿಭಾಗದ ಹೆಸರು ಇರುತ್ತದೆ, ಆ ಕಚೇರಿಗೆ ಕಳಿಸಿ. ಆಸ್ಪತ್ರೆಯ ಸಿಸ್ಟರ್ ಆದರೆ ವಾರ್ಡಿನ ಹೆಸರು ಮತ್ತು ಮಗು ದಾಖಲಾಗಿದ್ದ ತಿಂಗಳು ಬರೆದರೆ ಯಾರು ಅಂತ ಅಲ್ಲಿಯವರಿಗೆ ಗೊತ್ತಾಗುತ್ತದೆ.

ಅಂಚೆಯಲ್ಲಿ ಕಳಿಸುವುದಾದರೆ 50 ಪೈಸೆಯ ಪೋಸ್ಟ್‌ಕಾರ್ಡ್ ಸಾಕು. ಪಾಂಡೇಶ್ವರದ ಹೆಡ್ ಪೋಸ್ಟ್ ಆಫೀಸಿಗೋ ಹತ್ತಿರದ ಅಂಚೆ ಕಚೇರಿಗೋ ಮಗುವನ್ನೇ ಕರೆದುಕೊಂಡು ಹೋಗಿ. ಪಿನ್‌ಕೋಡಿನ ಆರು ಅಂಕಿಗಳನ್ನು ಅದೇ ತುಂಬಲಿ. ಮಂಗಳೂರಿನದ್ದು 575ರಿಂದ, ಉಡುಪಿಯದ್ದು 576ರಿಂದ ಶುರುವಾಗುತ್ತದೆ. 1972ರಲ್ಲಿ ಬಂದ ಈ ಪದ್ಧತಿಯಿಂದಾಗಿ, ಒಂದೇ ಹೆಸರಿನ ಊರು ಹತ್ತಿದ್ದರೂ ಕಾಗದ ಸರಿಯಾದ ಊರಿಗೇ ಹೋಗುತ್ತದೆ ಅಂತ ಹೇಳಿ.

ಮಗುವಿನ ಹೆಸರು, ಕ್ಲಾಸು ಇರಲಿ. ಫೋನ್ ನಂಬರ್ ಬೇಡ. ಉತ್ತರಕ್ಕೆ ವಿಳಾಸ ಬೇಕಾದರೆ ಶಾಲೆಯದ್ದು ಕೊಡಿ. ಕವರಿನೊಳಗೆ ದುಡ್ಡು ಇಡಬೇಡಿ. ಪತ್ರ ಕೊಡುವುದನ್ನು ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕುವುದೂ ಬೇಡ. ಡ್ಯೂಟಿಯಲ್ಲಿರುವವರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ನಗಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಪತ್ರದ ಜೊತೆಗೆ

ಪೌರಕಾರ್ಮಿಕರಿಗೆ ಪತ್ರ ಕೊಟ್ಟ ಮನೆಯಿಂದ ಮರುದಿನ ಹಸಿ ಕಸ, ಒಣ ಕಸ ಎಲ್ಲ ಸೇರಿದ ಒಂದೇ ಬಕೆಟ್ ಹೊರಗೆ ಬಂದರೆ ಮಗು ಬರೆದದ್ದು ಸುಳ್ಳಾಗುತ್ತದೆ. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ "ಗಾಜು" ಅಂತ ದೊಡ್ಡದಾಗಿ ಬರೆಯುವ ಕೆಲಸ ಮಗುವಿನದ್ದಾಗಲಿ. ಡೈಪರ್, ಪ್ಯಾಡ್‌ಗಳನ್ನು ಬೇರೆ ಕಟ್ಟಿ ಕೊಡುವ ಕೆಲಸ ದೊಡ್ಡವರದ್ದು. ಕಂಡಕ್ಟರಿಗೆ ಬರೆದ ಮಗು ಚಿಲ್ಲರೆ ಮೊದಲೇ ಕೈಯಲ್ಲಿ ಹಿಡಿದಿರಲಿ.

ದಿನ ಬೇಕು ಅನ್ನುವ ಶಾಲೆಗಳಿಗೆ ದಿನಗಳಿವೆ. ಮಾರ್ಚ್ 4 ಲೈನ್‌ಮ್ಯಾನ್‌ಗಳದ್ದು, ಮೇ 12 ದಾದಿಯರದ್ದು, ಸೆಪ್ಟೆಂಬರ್ 23 ಪೌರಕಾರ್ಮಿಕರದ್ದು, ಅಕ್ಟೋಬರ್ 9 ವಿಶ್ವ ಅಂಚೆ ದಿನ. ಆದರೆ ಅಂಥ ದಿನ ಹಾರ, ಭಾಷಣ ಹೇಗೂ ಇರುತ್ತವೆ. ಮಗು ಬರೆದು ಮುಗಿಸಿದ್ದು ಜುಲೈ ತಿಂಗಳ ಒಂದು ಮಂಗಳವಾರವಾದರೆ, ಬುಧವಾರವೇ ಕೊಟ್ಟುಬಿಡಿ.