ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಗುವನ್ನು ಬೆಳೆಸುವುದು: ದಿನದ ಕೆಲಸ, ಅದನ್ನು ಮಾಡುವ ರೀತಿ

ಸಿಸ್ಟಿಕ್ ಫೈಬ್ರೋಸಿಸ್, ಅಂದರೆ ಸಿಎಫ್, ಮೈಯೊಳಗಿನ ಲೋಳೆ ಅಂಟಾಗಿ ಶ್ವಾಸಕೋಶ ಮತ್ತು ಜೀರ್ಣಾಂಗಗಳನ್ನು ಕಾಡುವ ಹುಟ್ಟುಕಾಯಿಲೆ. ಅದಿರುವ ಮಗುವನ್ನು ವೈದ್ಯರು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ನೋಡುತ್ತಾರೆ. ಉಳಿದ ದಿನಗಳ ಚಿಕಿತ್ಸೆಯೆಲ್ಲ ಮನೆಯವರ ಕೈಯಲ್ಲಿ. ಮಗು ಚೆನ್ನಾಗಿ ಆಡಿಕೊಂಡಿರುವ ದಿನವೂ ಅದಕ್ಕೆ ಒಂದೆರಡು ಗಂಟೆ ಬೇಕು. ಎದೆಯ ಕಫ ತೆಗೆಸಬೇಕು, ಔಷಧಿಯನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಜರ್ ಹಿಡಿಯಬೇಕು, ಊಟಕ್ಕೆ ಮುಂಚೆ ಜೀರ್ಣಕ್ಕೆ ನೆರವಾಗುವ ಕಿಣ್ವದ ಕ್ಯಾಪ್ಸೂಲ್ ಕೊಡಬೇಕು, ಬಳಸಿದ್ದನ್ನೆಲ್ಲ ತೊಳೆದು ಕುದಿಸಬೇಕು. ಇದು ಹತ್ತು ದಿನದ ಔಷಧಿಯಲ್ಲ, ವರ್ಷಗಟ್ಟಲೆಯ ದಿನಚರಿ. ಹಾಗಾಗಿ ಏನು ಮಾಡುತ್ತೀರಿ ಎನ್ನುವಷ್ಟೇ ಹೇಗೆ ಮಾಡುತ್ತೀರಿ ಎನ್ನುವುದೂ ಮುಖ್ಯ. ಮಗುವಿಗೆ ಹಲ್ಲುಜ್ಜಿಸುವಾಗ ಯಾರೂ ಕಣ್ಣೀರು ಹಾಕುವುದಿಲ್ಲ, ಚೌಕಾಸಿಗೂ ಇಳಿಯುವುದಿಲ್ಲ. ಸಿಎಫ್ ಚಿಕಿತ್ಸೆ ಅದೇ ಸಾಲಿಗೆ ಬಂದು ಸೇರಬೇಕು. ಕೆಳಗೆ ಬರುವ ಪ್ರಮಾಣಗಳು ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಮಗುವಿನ ಅಳತೆಯನ್ನು ಅದರ ತೂಕ ಮತ್ತು ವರದಿಗಳನ್ನು ನೋಡಿ ವೈದ್ಯರೇ ಹೇಳಬೇಕು.

ತಪ್ಪು ಯಾರದು ಎಂಬ ಪ್ರಶ್ನೆಯನ್ನು ಮೊದಲು ಮುಗಿಸಿ

ಸಿಎಫ್‌ಗೆ ಕಾರಣ ಸಿಎಫ್‌ಟಿಆರ್ ಎಂಬ ಒಂದು ಜೀನ್. 1989ರಲ್ಲಿ ಪತ್ತೆಯಾದ ಇದು 7ನೇ ವರ್ಣತಂತುವಿನಲ್ಲಿದೆ. ಜೀವಕೋಶದ ಒಳಗೂ ಹೊರಗೂ ಉಪ್ಪಿನ ಅಂಶವಾದ ಕ್ಲೋರೈಡ್ ಓಡಾಡಲು ಬೇಕಾದ ಬಾಗಿಲನ್ನು ಕಟ್ಟುವುದು ಇದರ ಕೆಲಸ. ಬಾಗಿಲು ಸರಿಯಿಲ್ಲದಿದ್ದರೆ ಶ್ವಾಸಕೋಶದ ಲೋಳೆ ನೀರಿಲ್ಲದೆ ಅಂಟಾಗುತ್ತದೆ, ಮೇದೋಜೀರಕ ಗ್ರಂಥಿಯ ನಾಳಗಳು ಕಟ್ಟಿಕೊಳ್ಳುತ್ತವೆ, ಬೆವರಿನಲ್ಲಿ ಉಪ್ಪು ಹೆಚ್ಚಾಗಿ ಹೋಗುತ್ತದೆ. ಬೆವರು ಪರೀಕ್ಷೆಯಲ್ಲಿ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚು ಬಂದರೆ ಸಿಎಫ್ ಎನ್ನುವುದು ಇದೇ ಕಾರಣಕ್ಕೆ.

ಮಗುವಿಗೆ ಸಿಎಫ್ ಬರಬೇಕಾದರೆ ಈ ಜೀನಿನ ಕೆಟ್ಟ ಪ್ರತಿ ತಾಯಿಯಿಂದಲೂ ಬಂದಿರಬೇಕು, ತಂದೆಯಿಂದಲೂ ಬಂದಿರಬೇಕು. ಒಂದೇ ಪ್ರತಿ ಇರುವವರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಕಾಣದು, ಅವರಿಗೆ ಅದು ಗೊತ್ತೂ ಇರುವುದಿಲ್ಲ. ಇಬ್ಬರಲ್ಲೂ ಅದಿದ್ದರೆ ಪ್ರತಿ ಗರ್ಭದಲ್ಲಿಯೂ ಮಗುವಿಗೆ ಸಿಎಫ್ ಬರುವ ಸಾಧ್ಯತೆ ನೂರಕ್ಕೆ 25. ಬಸುರಿನಲ್ಲಿ ತಿಂದದ್ದಕ್ಕೂ ಮಾಡಿದ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. “ನಿಮ್ಮ ಕಡೆಯಿಂದ ಬಂದದ್ದು” ಎಂಬ ಮಾತು ವಿಜ್ಞಾನದ ಲೆಕ್ಕದಲ್ಲೇ ತಪ್ಪು, ಯಾಕೆಂದರೆ ಒಂದೇ ಕಡೆಯಿಂದ ಇದು ಬರಲಾರದು.

ಇದನ್ನು ಇಷ್ಟು ಒತ್ತಿ ಹೇಳುವುದು ಸಮಾಧಾನಕ್ಕಷ್ಟೇ ಅಲ್ಲ. ತಪ್ಪಿತಸ್ಥ ಭಾವ ನೇರವಾಗಿ ಚಿಕಿತ್ಸೆಯನ್ನು ಕೆಡಿಸುತ್ತದೆ. “ಪಾಪ, ಇವತ್ತೊಂದು ದಿನ ಬಿಡೋಣ” ಎಂದು ಒಬ್ಬರು ಬಿಟ್ಟುಬಿಡುತ್ತಾರೆ, ಇನ್ನೊಬ್ಬರು ಹೆದರಿಕೆಯಲ್ಲಿ ಮಗುವನ್ನು ಅಮುಕಿ ಹಿಡಿದು ಮಾಡಿಸುತ್ತಾರೆ. ಯಾವ ದಿನ ಅತ್ತರೆ ಬಿಡುತ್ತಾರೆ ಎನ್ನುವುದನ್ನು ಮಗು ಒಂದೇ ವಾರದಲ್ಲಿ ಕಲಿಯುತ್ತದೆ.

ಕಫ ತೆಗೆಸುವುದು

ದಿನಕ್ಕೆ ಎರಡು ಸಲ, ಸಲಕ್ಕೆ 20ರಿಂದ 30 ನಿಮಿಷ. ಊಟಕ್ಕೆ ಮುಂಚೆ, ಇಲ್ಲವೇ ಊಟವಾಗಿ ಒಂದೂವರೆ ಎರಡು ಗಂಟೆ ಬಿಟ್ಟು ಮಾಡಿ. ತುಂಬಿದ ಹೊಟ್ಟೆಯಲ್ಲಿ ಮಾಡಿದರೆ ವಾಂತಿಯಾಗುತ್ತದೆ, ಕಷ್ಟಪಟ್ಟು ತಿನ್ನಿಸಿದ ಕ್ಯಾಲೊರಿಯೆಲ್ಲ ಹೋಗುತ್ತದೆ.

ಕೂಸುಗಳಿಗೆ ಎದೆ ತಟ್ಟುವ ವಿಧಾನ. ಬಟ್ಟೆಯ ಮೇಲೆ, ಅಂಗೈಯನ್ನು ಬಟ್ಟಲಿನಂತೆ ಮಾಡಿಕೊಂಡು, ಮಣಿಕಟ್ಟನ್ನು ಸಡಿಲ ಬಿಟ್ಟು ಒಂದೇ ತಾಳದಲ್ಲಿ ತಟ್ಟಬೇಕು. ಒಂದೊಂದು ಭಂಗಿಗೆ 3ರಿಂದ 5 ನಿಮಿಷ. ಡಬ್ ಡಬ್ ಎಂಬ ಟೊಳ್ಳು ಸದ್ದು ಬಂದರೆ ಕೈ ಸರಿಯಿದೆ. ಚಪ್ಪಾಳೆಯ ಸದ್ದು ಬಂದರೆ ಅಂಗೈ ಚಪ್ಪಟೆಯಾಗಿದೆ, ಮಗುವಿಗೆ ಉರಿಯುತ್ತದೆ. ಬೆನ್ನುಮೂಳೆ, ಎದೆಯ ನಡುಮೂಳೆ, ಹೊಟ್ಟೆ, ಪಕ್ಕೆಲುಬು ಮುಗಿಯುವ ಕೆಳಭಾಗ, ಇಲ್ಲೆಲ್ಲ ತಟ್ಟಕೂಡದು. ಕೂಸನ್ನು ತಲೆಕೆಳಗಾಗಿ ಬಾಗಿಸುವ ಹಳೆಯ ಪದ್ಧತಿ ಈಗಿಲ್ಲ. ಹಾಗೆ ಮಾಡಿದರೆ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದು ಶ್ವಾಸನಾಳ ಸೇರಬಹುದು.

ಮೂರು ನಾಲ್ಕು ವರ್ಷದಿಂದ ಉಸಿರಿನ ಆಟ ಶುರು ಮಾಡಿ. ಸೋಪಿನ ಗುಳ್ಳೆ ಊದಿಸಿ, ಕನ್ನಡಿಯ ಮೇಲೆ ಹಬೆ ಹಿಡಿಸಿ. ಬಾಯಿ ಅಗಲಿಸಿ, ಗಂಟಲು ತೆರೆದಿಟ್ಟು “ಹಾ” ಎಂದು ಗಾಳಿ ದೂಡುವುದೇ ಮುಂದೆ ಅದು ಜೀವನವಿಡೀ ಬಳಸುವ ಹಫಿಂಗ್. ಬರಿಯ ಕೆಮ್ಮಿಗಿಂತ ಇದು ಮೇಲು. ಜೋರಾಗಿ ಕೆಮ್ಮಿದಾಗ ಸಣ್ಣ ನಾಳಗಳು ಮುಚ್ಚಿಕೊಂಡು ಕಫ ಒಳಗೇ ನಿಲ್ಲುತ್ತದೆ. ಆಮೇಲೆ ಉಸಿರು ಬಿಡುವಾಗ ತಡೆಯೊಡ್ಡುವ ಪೆಪ್ ಸಾಧನ, ಕಂಪಿಸುವ ಸಾಧನ, ಅಲುಗಾಡಿಸುವ ಜಾಕೆಟ್, ಹೀಗೆ ಬೇರೆ ಬೇರೆ ಇವೆ. ಯಾವುದು ಒಳ್ಳೆಯದು ಎಂದು ಕೇಳಿದರೆ ನಮ್ಮ ಉತ್ತರ: ನಿಮ್ಮ ಮಗು ದಿನವೂ ಬಿಡದೆ ಮಾಡುವಂಥದ್ದು. ಚಿಕ್ಕ ಮಕ್ಕಳು ಕಫ ಉಗುಳುವುದಿಲ್ಲ, ನುಂಗುತ್ತಾರೆ, ಕೆಲವೊಮ್ಮೆ ಕಕ್ಕುತ್ತಾರೆ. ಗಾಬರಿ ಬೇಡ, ಅದು ಮೇಲೆ ಬಂದಿತಲ್ಲ, ಕೆಲಸವಾಯಿತು.

ಇನ್ನು ಮಾತಿನ ವಿಷಯ. “ಈಗ ಮಾಡೋಣ್ವಾ?” ಎಂದು ಕೇಳಿದರೆ “ಬೇಡ” ಎನ್ನುವುದೂ ಒಂದು ಉತ್ತರವೇ, ಮಗು ಅದನ್ನೇ ಹೇಳುತ್ತದೆ. ಮಾಡುವುದೋ ಬಿಡುವುದೋ ಎಂಬ ಆಯ್ಕೆ ಕೊಡಬೇಡಿ, ಹೇಗೆ ಎಂಬ ಆಯ್ಕೆಯನ್ನು ಧಾರಾಳವಾಗಿ ಕೊಡಿ. “ಮೊದಲು ಬಲಗಡೆ ತಟ್ಲಾ, ಎಡಗಡೆ ತಟ್ಲಾ?” “ಕಥೆ ಬೇಕಾ, ಹಾಡು ಬೇಕಾ?” ಗಡಿಯಾರ ಎದುರಿಗಿಟ್ಟು ಯಾವಾಗ ಮುಗಿಯುತ್ತದೆ ಎಂದು ತೋರಿಸಿ. ಒಂದು ವಿಶೇಷ ಆಟಿಕೆಯೋ ಕಾರ್ಟೂನೋ ಆ ಹೊತ್ತಿಗೆ ಮಾತ್ರ ಸಿಗಲಿ. ತುಂಟತನ ಮಾಡಿದ್ದಕ್ಕೆ ಶಿಕ್ಷೆಯೆಂದು ಇದನ್ನು ಹೆಚ್ಚು ಮಾಡಿಸಬೇಡಿ, ಹುಟ್ಟುಹಬ್ಬದ ಬಹುಮಾನವೆಂದು ಬಿಡಿಸಲೂ ಬೇಡಿ. ಎರಡರಿಂದಲೂ ಮಗು ಕಲಿಯುವುದು ಒಂದೇ ಪಾಠ: ಇದು ಕೆಟ್ಟದ್ದು.

ನೆಬ್ಯುಲೈಜರ್: ಕ್ರಮ ಮತ್ತು ಶುಚಿ

ಕ್ರಮಕ್ಕೆ ಕಾರಣವಿದೆ. ಮೊದಲು ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್. ಆಮೇಲೆ ಗಾಢ ಉಪ್ಪುನೀರು, ಸಾಮಾನ್ಯವಾಗಿ ಶೇ 7ರದು; ಇದು ನೀರನ್ನು ಎಳೆದುಕೊಂಡು ಕಫ ತೆಳುವಾಗಿಸುತ್ತದೆ. ಹಿಗ್ಗಿಸುವ ಔಷಧಿ ಕೊಡದೆ ಇದನ್ನು ಕೊಟ್ಟರೆ ಎದೆ ಬಿಗಿಯಬಹುದು. ಬಳಿಕ ಕಫ ತೆಗೆಸುವ ವ್ಯಾಯಾಮ. ಉಸಿರಿನಲ್ಲಿ ಎಳೆಯುವ ಆ್ಯಂಟಿಬಯಾಟಿಕ್ ಇದ್ದರೆ ಕೊನೆಗೆ, ನಾಳ ಖಾಲಿಯಾದ ಮೇಲೆ. ಮೊದಲೇ ಕೊಟ್ಟರೆ ಔಷಧಿ ಕಫದ ಮೇಲೆ ಕೂತು ಕಫದ ಜೊತೆಗೇ ಹೊರಬರುತ್ತದೆ. ಕಫ ತೆಳುವಾಗಿಸುವ ಡಾರ್ನೇಸ್ ಆಲ್ಫಾ ಎಂಬ ಔಷಧಿ ಇದ್ದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ, ಬೆಳಕು ಬೀಳದಂತೆ ಇಡಬೇಕು, ಬೇರೆ ಯಾವ ಔಷಧಿಯೊಂದಿಗೂ ಒಂದೇ ಬಟ್ಟಲಿನಲ್ಲಿ ಬೆರೆಸಬಾರದು. ಅಳುವ ಮಗುವಿನ ಶ್ವಾಸಕೋಶಕ್ಕೆ ಔಷಧಿ ಹೋಗುವುದು ತೀರಾ ಕಡಿಮೆ. ಮುಖದಿಂದ ಒಂದಿಷ್ಟು ದೂರ ಹಿಡಿದ ಮಾಸ್ಕ್ ಕೂಡ ಹಾಗೆಯೇ. ಹೋರಾಡಿ ಮುಗಿಸುವುದಕ್ಕಿಂತ ಐದು ನಿಮಿಷ ಸಮಾಧಾನ ಮಾಡಿ ಶುರು ಮಾಡುವುದರಲ್ಲಿ ಲಾಭವಿದೆ.

ಪ್ರತಿ ಬಳಕೆಯ ನಂತರ ಬಟ್ಟಲು ಮತ್ತು ಬಾಯಿತುಂಡನ್ನು ಬಿಚ್ಚಿ ಸೋಪುನೀರಿನಲ್ಲಿ ತೊಳೆಯಿರಿ. ಆಮೇಲೆ ಕುದಿಯುವ ನೀರಿನಲ್ಲಿ 5 ನಿಮಿಷ ಇಡಿ. ಬಿಸಿ ತಡೆಯದ ಭಾಗವಿದ್ದರೆ ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ 5 ನಿಮಿಷ ಮುಳುಗಿಸಿಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯಿರಿ. ಯಾವ ಭಾಗಕ್ಕೆ ಯಾವುದು ಎಂದು ಸಾಧನದ ಕೈಪಿಡಿಯಲ್ಲಿರುತ್ತದೆ. ಕೊನೆಗೆ ಶುಭ್ರ ಬಟ್ಟೆಯ ಮೇಲೆ ಹರಡಿ ಗಾಳಿಗೆ ಪೂರ್ತಿ ಒಣಗಲಿ. ಹೆಚ್ಚಿನವರು ಎಡವುವುದು ಇಲ್ಲೇ. ಕುದಿಸುತ್ತಾರೆ, ಆದರೆ ಒದ್ದೆಯಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚುತ್ತಾರೆ. ಸಿಎಫ್ ಇರುವವರ ಶ್ವಾಸಕೋಶಕ್ಕೆ ಹಾನಿ ಮಾಡುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾಕ್ಕೆ ತೇವವೇ ಮನೆ. ಕುದಿಸುವ ಬದಲು ವಿನೆಗರ್ ಬಳಸಿದರೆ ಸಾಲದು.

ಊಟ ಮತ್ತು ಕಿಣ್ವ

ಸಿಎಫ್ ಇರುವ ಹೆಚ್ಚಿನ ಮಕ್ಕಳ ಮೇದೋಜೀರಕ ಗ್ರಂಥಿಯಿಂದ ಕಿಣ್ವ ಕರುಳಿಗೆ ಬರುವುದೇ ಇಲ್ಲ. ಅದಕ್ಕೇ ಕ್ಯಾಪ್ಸೂಲ್. ಅಳತೆ ಸಾಮಾನ್ಯವಾಗಿ ಒಂದು ಊಟಕ್ಕೆ, ತೂಕದ ಪ್ರತಿ ಕಿಲೋಗೆ 500ರಿಂದ 2,500 ಲೈಪೇಸ್ (ಜಿಡ್ಡು ಜೀರ್ಣಿಸುವ ಕಿಣ್ವ) ಯೂನಿಟ್. ದಿನಕ್ಕೆ ಕಿಲೋಗೆ 10,000 ಯೂನಿಟ್ ಮೀರಬಾರದು. ಅತಿಯಾದ ಪ್ರಮಾಣದಿಂದ ದೊಡ್ಡಕರುಳು ಗಟ್ಟಿಯಾಗಿ ಕಿರಿದಾದ ಉದಾಹರಣೆಗಳಿವೆ. ಹಾಗಾಗಿ ಮಲ ಸರಿಯಿಲ್ಲವೆಂದು ನೀವಾಗಿಯೇ ಕ್ಯಾಪ್ಸೂಲ್ ಹೆಚ್ಚಿಸುತ್ತಾ ಹೋಗಬೇಡಿ.

ಊಟದ ಶುರುವಿಗೆ ಕೊಡಿ, ಮುಗಿದ ಮೇಲೆ ಅಲ್ಲ. ಊಟ ಅರ್ಧ ಗಂಟೆ ಮೀರುವುದಾದರೆ ಅರ್ಧ ಮೊದಲು, ಅರ್ಧ ನಡುವೆ. ನುಂಗಲಾರದ ಮಗುವಿಗೆ ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಕಾಳುಗಳನ್ನು ಒಂದು ಚಮಚ ಹುಳಿಯಂಶದ ಮೆತ್ತನೆ ಹಣ್ಣಿನ ತಿರುಳಿನಲ್ಲಿ, ಸೇಬಿನದಾದರೂ ಸರಿ, ಬೆರೆಸಿ ತಕ್ಷಣ ಕೊಡಿ. ಕಾಳಿನ ಹೊದಿಕೆ ಹುಳಿಯಲ್ಲಿ ಉಳಿಯುತ್ತದೆ, ಹುಳಿಯಿಲ್ಲದ ಆಹಾರದಲ್ಲಿ ಕರಗಿ ಕಿಣ್ವ ಹಾಳಾಗುತ್ತದೆ. ಅರೆಯಬೇಡಿ, ಬಿಸಿ ಆಹಾರಕ್ಕೆ ಹಾಕಬೇಡಿ. ಒಸಡಿನ ಸಂದಿಯಲ್ಲಿ ಕಾಳು ಉಳಿದರೆ ಹುಣ್ಣಾಗುತ್ತದೆ, ಬಾಯಿ ನೋಡಿ, ನೀರು ಕುಡಿಸಿ. ಬರಿಯ ಹಣ್ಣು, ಹಣ್ಣಿನ ರಸ, ಸಕ್ಕರೆ ಮಿಠಾಯಿಗೆ ಕಿಣ್ವ ಬೇಡ. ಜಿಡ್ಡು ಹೊಳೆಯುವ, ತೇಲುವ, ಕಡುವಾಸನೆಯ ಮಲ ಕಂಡರೆ ಮೊದಲು ಕೇಳಿಕೊಳ್ಳಬೇಕಾದದ್ದು: ತಿಂಡಿಗಳಿಗೆ ಕೊಟ್ಟಿದ್ದೆವಾ, ಡಬ್ಬಿ ಬಿಸಿಲಿನಲ್ಲಿತ್ತಾ, ಅವಧಿ ಮುಗಿದಿದೆಯಾ.

ಆಹಾರ ಮಾಮೂಲಿಯದೇ, ಆದರೆ ಹೆಚ್ಚು ಜಿಡ್ಡಿನದು. ಒಟ್ಟು ಶಕ್ತಿಯಲ್ಲಿ ಶೇ 35ರಿಂದ 40 ಕೊಬ್ಬಿನಿಂದ ಬರಲಿ. ಎ, ಡಿ, ಇ, ಕೆ ವಿಟಮಿನ್‌ಗಳನ್ನು ಜಿಡ್ಡಿನ ಊಟ ಮತ್ತು ಕಿಣ್ವದೊಂದಿಗೇ ಕೊಡಿ. ತೂಕದ ಚಿಂತೆ ತಟ್ಟೆಯ ಮುಂದಿನ ಯುದ್ಧವಾಗುವುದು ತೀರಾ ಸಾಮಾನ್ಯ. ಬೇಡಿಕೊಂಡು, ಬೈದು, ತುತ್ತು ಹಿಡಿದು ಒಂದು ಗಂಟೆ ಹಿಂದೆ ಸುತ್ತಿದರೆ ಮಗು ಹೆಚ್ಚು ತಿನ್ನುವುದಿಲ್ಲ, ತಿನ್ನದಿದ್ದರೆ ಎಲ್ಲರ ಗಮನ ತನ್ನ ಮೇಲಿರುತ್ತದೆ ಎಂದು ಕಲಿಯುತ್ತದೆ. ಊಟಕ್ಕೆ 20ರಿಂದ 30 ನಿಮಿಷ ಎಂದು ನಿಗದಿ ಮಾಡಿ, ಮುಗಿದ ಮೇಲೆ ಸುಮ್ಮನೆ ತಟ್ಟೆ ಎತ್ತಿ. ತಿಂದ ತುತ್ತಿಗೆ ಮಾತಿರಲಿ, ತಿನ್ನದ ತುತ್ತಿಗೆ ಮೌನವಿರಲಿ. ಸೇರುವ ಪ್ರಮಾಣ ಕಡಿಮೆಯಾದರೆ ಅದೇ ತುತ್ತಿಗೆ ಬೆಣ್ಣೆಯನ್ನೋ ಎಣ್ಣೆಯನ್ನೋ ಸೇರಿಸಿ.

ಉಪ್ಪಿನದು ಎಲ್ಲರೂ ಮರೆಯುವ ವಿಷಯ. ಕೂಸಿಗೆ 6 ತಿಂಗಳವರೆಗೆ ದಿನಕ್ಕೆ ಚಹಾ ಚಮಚದ ಎಂಟನೇ ಒಂದು ಭಾಗ, ಆಮೇಲೆ ವರ್ಷದವರೆಗೆ ಕಾಲು ಚಮಚ ಉಪ್ಪನ್ನು ಹಲವು ಸಲ ಹಂಚಿ ಕೊಡಲು ವೈದ್ಯರು ಹೇಳುವುದುಂಟು. ಸೆಕೆಯಲ್ಲಿ, ಜ್ವರದಲ್ಲಿ, ಆಟದ ದಿನ ಇನ್ನೂ ಬೇಕು. ಹಾಲು ಬಿಡುವುದು, ವಾಂತಿ, ಸಪ್ಪಗಾಗುವುದು, ಸ್ನಾಯು ಹಿಡಿದುಕೊಳ್ಳುವುದು ಕಂಡರೆ ಉಪ್ಪಿನ ಕೊರತೆ ಇರಬಹುದು. ಕಾಯಬೇಡಿ, ಅಂದೇ ರಕ್ತ ಪರೀಕ್ಷೆ ಮಾಡಿಸಿ.

ಎಷ್ಟು ಕಾಯಬೇಕು, ಎಷ್ಟು ಬಿಡಬೇಕು

ಮನೆಯಲ್ಲಿ ಯಾರೂ ಬೀಡಿ, ಸಿಗರೇಟು ಸೇದಕೂಡದು, ಇದರಲ್ಲಿ ರಾಜಿಯಿಲ್ಲ. ಸಿಎಫ್ ಇರುವ ಇಬ್ಬರು ಮಕ್ಕಳು ಕನಿಷ್ಠ 2 ಮೀಟರ್ ದೂರವಿರಬೇಕು, ಒಬ್ಬರ ಬ್ಯಾಕ್ಟೀರಿಯಾ ಇನ್ನೊಬ್ಬರಿಗೆ ದಾಟುತ್ತದೆ. ಲಸಿಕೆ ತಪ್ಪಬಾರದು, ವರ್ಷಕ್ಕೊಮ್ಮೆ ಫ್ಲೂ ಲಸಿಕೆಯೂ ಇರಲಿ. ನಿಂತ ನೀರಿನಲ್ಲಿ ಆಟ ಬೇಡ. ಇಷ್ಟು ಬಿಟ್ಟರೆ ಓಡಲಿ, ಈಜಲಿ, ಮರ ಹತ್ತಲಿ, ಬಿದ್ದು ಮಂಡಿ ಗೀರಿಕೊಳ್ಳಲಿ. ಏದುಸಿರು ಬರುವಷ್ಟು ಆಟ ಕಫವನ್ನು ಸಡಿಲಿಸುತ್ತದೆ. ಶಾಲೆಗೆ ಒಂದೇ ಪುಟದ ಚೀಟಿ ಕೊಡಿ: ಈ ಕೆಮ್ಮು ಅಂಟುರೋಗದ್ದಲ್ಲ, ಊಟಕ್ಕೆ ಮುಂಚೆ ಕ್ಯಾಪ್ಸೂಲ್ ಬೇಕು, ಕೇಳಿದ ಕೂಡಲೇ ಶೌಚಾಲಯಕ್ಕೂ ನೀರಿಗೂ ಬಿಡಿ.

ಕೆಮ್ಮು ಮಾಮೂಲಿಗಿಂತ ಹೆಚ್ಚಿದರೆ, ರಾತ್ರಿ ಎಬ್ಬಿಸಿದರೆ, ಕಫದ ಬಣ್ಣ ಬದಲಾದರೆ, ಹಸಿವು ಅಥವಾ ತೂಕ ಇಳಿದರೆ, ಆಟದಲ್ಲಿ ಬೇಗ ಸುಸ್ತಾದರೆ ಜ್ವರ ಬರಲೆಂದು ಕಾಯದೆ ವೈದ್ಯರಿಗೆ ಫೋನ್ ಮಾಡಿ. ಸೋಂಕು ಹೆಚ್ಚಾದಾಗಲೂ ಜ್ವರ ಇರದಿರಬಹುದು. ಹೊಟ್ಟೆಯ ಬಲ ಕೆಳಭಾಗದಲ್ಲಿ ನೋವು, ಮಲ ನಿಲ್ಲುವುದು, ಹಸಿರು ವಾಂತಿ, ಕಫದಲ್ಲಿ ರಕ್ತ ಇದ್ದರೆ ನೇರ ಆಸ್ಪತ್ರೆಗೆ ಹೋಗಿ.

ಜೊತೆಗೆ ಬೆಳೆಯುವ ಅಣ್ಣ, ತಂಗಿಯರಿಗೂ ನಿಮ್ಮ ಹೊತ್ತು ಬೇಕು. ದಿನಕ್ಕೆ ಹದಿನೈದು ನಿಮಿಷ, ಅವರಿಗೆ ಮಾತ್ರ. ಚಿಕಿತ್ಸೆಯನ್ನು ಇಬ್ಬರು ದೊಡ್ಡವರಾದರೂ ಪೂರ್ತಿ ಕಲಿತಿರಬೇಕು. ಎಲ್ಲವೂ ಅಮ್ಮನೊಬ್ಬಳಿಗೇ ಗೊತ್ತಿರುವ ಮನೆಯಲ್ಲಿ ಅಮ್ಮನಿಗೆ ಜ್ವರ ಬಂದ ದಿನ ಚಿಕಿತ್ಸೆಯೂ ನಿಲ್ಲುತ್ತದೆ. ತಂದೆ, ತಾಯಿಯ ಖಿನ್ನತೆ ಮತ್ತು ಆತಂಕವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂಬುದು ಸಿಎಫ್ ಆರೈಕೆಯ ಮಾರ್ಗಸೂಚಿಯಲ್ಲೇ ಇದೆ. ನಿದ್ದೆ ಬಾರದಿದ್ದರೆ, ಸುಮ್ಮಸುಮ್ಮನೆ ಅಳು ಬಂದರೆ ಮಗುವಿನ ವೈದ್ಯರ ಹತ್ತಿರವೇ ಹೇಳಿ.

ಮಗುವಿಗೆ ಹೇಳುವುದು, ಮಗುವಿಗೆ ವಹಿಸುವುದು

ಹೆಸರು ಮುಚ್ಚಿಡಬೇಡಿ. ಮೂರು ವರ್ಷದ ಮಗುವಿಗೆ “ನಿನ್ನೆದೆಯಲ್ಲಿರೋ ಅಂಟು ಕಫ ಹೊರಗೆ ಬರ್ಲಿ ಅಂತ ತಟ್ತೀನಿ” ಎಂದರೆ ಸಾಕು. ಏಳೆಂಟು ವರ್ಷಕ್ಕೆ ಉಪ್ಪು, ನೀರು, ಲೋಳೆಯ ಸಂಬಂಧ ತಿಳಿಯುತ್ತದೆ. ಹತ್ತು ವರ್ಷ ದಾಟಿದರೆ ಇಂಟರ್‌ನೆಟ್‌ನಲ್ಲಿ ತಾನೇ ಹುಡುಕುತ್ತದೆ. ಅದಕ್ಕಿಂತ ಮುಂಚೆ ನಿಮ್ಮ ಬಾಯಿಂದ ಕೇಳಿರಬೇಕು. “ನಾನು ಸಾಯ್ತೀನಾ?” ಎಂದು ಕೇಳಿದರೆ ಬಾಯಿ ಮುಚ್ಚಿಸಬೇಡಿ. ಎಲ್ಲಿ ಕೇಳಿದೆ, ಏನು ಅನ್ನಿಸಿತು ಎಂದು ಮೊದಲು ವಿಚಾರಿಸಿ. ಇದು ಗಂಭೀರ ಕಾಯಿಲೆ ಎನ್ನುವುದು ನಿಜ, ಹಿಂದೆ ಮಕ್ಕಳು ಬಹುಬೇಗ ತೀರಿಕೊಳ್ಳುತ್ತಿದ್ದರು ಎನ್ನುವುದೂ ನಿಜ, ಈಗ ಸಿಎಫ್ ಇರುವವರು ಓದಿ, ಕೆಲಸ ಮಾಡಿ, ಮದುವೆಯಾಗಿ ಬದುಕುತ್ತಿದ್ದಾರೆ ಎನ್ನುವುದೂ ನಿಜ. ಮೂರನ್ನೂ ಹೇಳಿ.

2012ರಿಂದ ಬಂದಿರುವ ಮಾಡ್ಯುಲೇಟರ್ ಔಷಧಿಗಳು ಕ್ಲೋರೈಡಿನ ಬಾಗಿಲನ್ನೇ ಸರಿಪಡಿಸುತ್ತವೆ. ಮಗುವಿನ ಜೀನ್ ಬದಲಾವಣೆಗೆ ಅವು ಹೊಂದಬೇಕು. ಜಿಡ್ಡಿನ ಆಹಾರದೊಂದಿಗೇ ತೆಗೆದುಕೊಳ್ಳಬೇಕು, ಯಕೃತ್ತಿನ ಪರೀಕ್ಷೆ ಆಗಾಗ ಆಗಬೇಕು. ಕೆಮ್ಮು ನಿಂತಿತೆಂದು ಉಳಿದ ಚಿಕಿತ್ಸೆಯನ್ನು ನೀವಾಗಿ ನಿಲ್ಲಿಸಬೇಡಿ.

ಕೆಲಸವನ್ನು ಚೂರುಚೂರಾಗಿ ಬಿಟ್ಟುಕೊಡಿ. 3 ವರ್ಷಕ್ಕೆ ಮಾಸ್ಕ್ ತಾನೇ ಹಿಡಿಯಲಿ. 4, 5ಕ್ಕೆ ಸಣ್ಣ ಮಿಠಾಯಿ ಕಾಳಿನಿಂದ ನುಂಗುವ ಅಭ್ಯಾಸ. 7, 8ಕ್ಕೆ “ನಂಗೆ ಕ್ಯಾಪ್ಸೂಲ್ ಬೇಕು” ಎಂದು ತಾನೇ ಕೇಳಲಿ. 10ಕ್ಕೆ ನೆಬ್ಯುಲೈಜರ್ ಜೋಡಿಸಿ, ತೊಳೆಯಲಿ. 12, 13ರ ಹೊತ್ತಿಗೆ ವೈದ್ಯರ ಜೊತೆ ಸ್ವಲ್ಪ ಹೊತ್ತು ಒಬ್ಬನೇ, ಒಬ್ಬಳೇ ಮಾತಾಡಲಿ. ಆ ವಯಸ್ಸಿನಲ್ಲೇ, ಸಿಎಫ್ ಇರುವ ಬಹುತೇಕ ಗಂಡಸರಿಗೆ ವೀರ್ಯನಾಳ ಇರುವುದಿಲ್ಲವೆಂದೂ ಲೈಂಗಿಕ ಶಕ್ತಿಗೆ ಅದರಿಂದ ಕೊರತೆಯಿಲ್ಲವೆಂದೂ ವೈದ್ಯಕೀಯ ನೆರವಿನಿಂದ ತಂದೆಯಾಗಬಹುದೆಂದೂ ಹುಡುಗರಿಗೆ ತಿಳಿಸಬೇಕು. 16ಕ್ಕೆ ಔಷಧಿ ಮುಗಿಯುವ ಮುಂಚೆ ತಾನೇ ತರಿಸಲಿ.

ಹದಿಹರೆಯದಲ್ಲಿ ಪೂರ್ತಿ ಕೈಬಿಡುವುದೇ ದೊಡ್ಡ ತಪ್ಪು. ಮಾಡುವುದು ಅವರು, ಪಕ್ಕದಲ್ಲಿ ಕೂರುವುದು ನೀವು. “ಮಾಡ್ದೆಯಾ?” ಎಂದು ಕೇಳಿದರೆ “ಹೂಂ” ಎಂಬ ಸುಳ್ಳು ಬರುತ್ತದೆ. “ಈ ವಾರ ಯಾವುದು ತಪ್ಪಿಹೋಯ್ತು, ಯಾಕೆ?” ಎಂದು ಕೇಳಿ, ಬಂದ ಉತ್ತರಕ್ಕೆ ಬೈಯದಿರಿ. ಬೆಳಗಿನ ಬಸ್ಸು ಬೇಗ ಬರುತ್ತದೆ ಎಂದರೆ ಒಂದು ಸಲದ್ದನ್ನು ಸಂಜೆಗೆ ಸರಿಸಬಹುದೇ ಎಂದು ಇಬ್ಬರೂ ಸೇರಿ ವೈದ್ಯರನ್ನು ಕೇಳಿ, ಮತ್ತು ಅಲ್ಲಿ ಪ್ರಶ್ನೆ ಮಗುವಿಗೆ ಬಂದಾಗ ಉತ್ತರವನ್ನೂ ಮಗುವೇ ಹೇಳುವ ತನಕ ಸುಮ್ಮನಿರಿ.