ಅರ್ಧಕ್ಕೆ ಬಿಟ್ಟ ಪುಸ್ತಕ ನೋಡಿ ಮುಂದಿನ ಪುಸ್ತಕ ಕೊಡುವುದು: ನನ್ನ ಅನುಭವ

ಮಗು ಪೂರ್ತಿ ಓದಿ ತಂದ ಪುಸ್ತಕದಿಂದ ನನಗೆ ಹೆಚ್ಚೇನೂ ತಿಳಿಯುವುದಿಲ್ಲ. ಅರ್ಧಕ್ಕೆ ಬಿಟ್ಟು ತಂದದ್ದರಿಂದ ಬಹಳ ತಿಳಿಯುತ್ತದೆ. ಎಲ್ಲಿ ಬಿಟ್ಟಿದೆ ಅಂತ ನೋಡುತ್ತೇನೆ, ಅದಕ್ಕೆ ತಕ್ಕ ಹಾಗೆ ಮುಂದಿನ ಪುಸ್ತಕ ಕೊಡುತ್ತೇನೆ. ನನ್ನ ಪದ್ಧತಿ ಇಷ್ಟೇ. ಇದಕ್ಕೆ ಬಂದು ಮುಟ್ಟಲು ನಾಲ್ಕೈದು ವರ್ಷ ಹಿಡಿಯಿತು, ದುಡ್ಡೂ ಸಾಕಷ್ಟು ಹೋಯಿತು.

ಕೊಡಗಿನ ಸಿದ್ದಾಪುರದ ಕಡೆ ನಮ್ಮ ಮನೆಯ ಹೊರಕೋಣೆಯಲ್ಲಿ ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಓದಿ ವಾಪಸ್ ತರಲು ಪುಸ್ತಕ ಕೊಡುತ್ತೇನೆ. ಸಂಜೆ ಇಟ್ಟುಕೊಳ್ಳಲು ಆಗುವುದಿಲ್ಲ. ತೋಟದ ರಸ್ತೆಯಲ್ಲಿ ಆನೆ ಇರುತ್ತದೆ, ಕತ್ತಲಾಗುವ ಮೊದಲೇ ಮಕ್ಕಳು ಮನೆ ಸೇರಬೇಕು. ಬರುವವರು ಹೆಚ್ಚಾಗಿ ನಾಲ್ಕರಿಂದ ಆರನೇ ಕ್ಲಾಸಿನವರು. ಶುರು ಮಾಡಿದಾಗ ನಗಾಡಿದವರೇ ಜಾಸ್ತಿ. "ಮೊಬೈಲ್ ಕಾಲದಲ್ಲಿ ಯಾರು ಓದ್ತಾರೆ ಬಿಡಿ" ಅಂದರು. ಒಬ್ಬ ನಿವೃತ್ತ ಮೇಷ್ಟ್ರು "ಮೊದಲು ಕಾಗುಣಿತ ಸರಿಯಾಗಿ ಬರಲಿ, ಕತೆ ಆಮೇಲೆ" ಅಂತ ಬುದ್ಧಿ ಹೇಳಿದ್ದರು. ಈಗ ಅವರ ಮೊಮ್ಮಗಳು ನಮ್ಮಲ್ಲಿ ಕಾಯಂ. ಕರೆದುಕೊಂಡು ಬರುವುದೂ ಅವರೇ.

ಅರಿವು ಕೇಂದ್ರ, ಅಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವರಿಗೆ, ಶಾಲೆಯಲ್ಲಿ ಓದುವ ಮೂಲೆ ನಡೆಸುವ ಟೀಚರುಗಳಿಗೆ ರಿಜಿಸ್ಟರ್, ನಂಬರು, ಸ್ಟಿಕ್ಕರ್ ಎಲ್ಲ ಹೇಳಬೇಕಾಗಿಲ್ಲ. ಯಾವ ಮಗುವಿಗೆ ಯಾವುದು ಕೊಡಬೇಕು ಅನ್ನುವಲ್ಲೇ ಎಲ್ಲರಿಗೂ ಕೈಕೊಡುವುದು.

ನಾನು ಮಾಡಿ ನೋಡಿದ್ದು ಒಂದೆರಡಲ್ಲ. "ನಿಂಗೆ ಯಾವ ತರದ ಕತೆ ಇಷ್ಟ?" ಅಂತ ಕೇಳಿದೆ. ಮಕ್ಕಳು ಒಂದೋ "ಗೊತ್ತಿಲ್ಲ ಮಿಸ್" ಅಂದರು, ಇಲ್ಲಾ "ಎಲ್ಲಾ ಇಷ್ಟ" ಅಂದರು. ಎರಡರಲ್ಲೂ ಹಿಡಿಯಲು ಏನೂ ಇಲ್ಲ. ವಯಸ್ಸಿನ ಪ್ರಕಾರ ಬಣ್ಣದ ಪಟ್ಟಿ ಅಂಟಿಸಿದೆ, ಚಿಕ್ಕವರಿಗೆ ಹಳದಿ, ದೊಡ್ಡವರಿಗೆ ನೀಲಿ. ಆರನೇ ಕ್ಲಾಸಿನ ಹುಡುಗ, ಓದಲು ಬರುವುದು ಹಳದಿ ಪಟ್ಟಿಯದು, ಅದನ್ನು ಮುಟ್ಟಲೇ ಇಲ್ಲ. ಪಕ್ಕದಲ್ಲಿ ತಂಗಿ ನಿಂತಿದ್ದಳಲ್ವಾ! ನೀಲಿ ಪಟ್ಟಿಯದು ತೆಗೆದುಕೊಂಡು ಹೋದ, ಹಾಗೆಯೇ ತಂದಿಟ್ಟ, ಆಮೇಲೆ ಬರಲಿಲ್ಲ. ಜಾಸ್ತಿ ಓದಿದವರಿಗೆ ಜಾಮಿಟ್ರಿ ಬಾಕ್ಸ್ ಅಂದೆ. ಒಂದು ತಿಂಗಳು ಕೋಣೆ ಜಾತ್ರೆಯಾಯಿತು. ಶನಿವಾರ ಒಯ್ದದ್ದು ಭಾನುವಾರ ವಾಪಸ್. ಓದಿದ್ದು ಯಾರೂ ಇಲ್ಲ. ಓದಿದ ಮೇಲೆ ಐದು ಸಾಲು ಬರೆದು ತನ್ನಿ ಅಂದಾಗ ಒಂದೇ ಪ್ಯಾರಾ ನಾಲ್ಕು ಕೈಬರಹದಲ್ಲಿ ಬಂತು. ಅದನ್ನೂ ಬಿಟ್ಟೆ.

ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಕಟ್ಟಿನಲ್ಲಿ ಕೊಂಡ ನೀತಿಕತೆಗಳು. ಅರ್ಧ ಬೆಲೆಗೆ ಸಿಗುತ್ತದೆ ಅಂತ ಸುಮಾರು 4,000 ರೂಪಾಯಿಗೆ ದೊಡ್ಡ ರಟ್ಟಿನ ಪೆಟ್ಟಿಗೆ ತರಿಸಿದ್ದೆ. ಒಂದೇ ಕತೆ ಮೂರು ಪುಸ್ತಕದಲ್ಲಿ ಬೇರೆ ಬೇರೆ ರಕ್ಷಾಪುಟದೊಂದಿಗೆ ಇತ್ತು. ಪ್ರತಿ ಕತೆಯ ಕೆಳಗೆ ದಪ್ಪಕ್ಷರದಲ್ಲಿ ನೀತಿ. ಮಕ್ಕಳು ಮೊದಲು ನೀತಿ ಓದುತ್ತಿದ್ದರು, ಕತೆ ಗೊತ್ತಾಯಿತು ಅಂತ ಮುಚ್ಚಿಡುತ್ತಿದ್ದರು. ಆ ಪೆಟ್ಟಿಗೆ ಈಗಲೂ ಅಟ್ಟದ ಮೇಲಿದೆ.

ಇನ್ನು ನಡೆದ ದಾರಿಗೆ ಬರುತ್ತೇನೆ. ವಾಪಸ್ ಬಂದ ಪುಸ್ತಕ ಮುಚ್ಚಿ, ಹಾಳೆಗಳ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಓದಿದ ಭಾಗದ ಅಂಚು ಸ್ವಲ್ಪ ಮಾಸಿರುತ್ತದೆ, ಮೂಲೆಗಳು ಮೆತ್ತಗಾಗಿರುತ್ತವೆ. ಓದದ ಭಾಗ ಬೆಳ್ಳಗೆ, ಗರಿಗರಿ. ನಡುವೆ ಒಂದು ಗೆರೆಯೇ ಕಾಣುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಇನ್ನೂ ಸುಲಭ. ಹಣ್ಣು ಮುಟ್ಟಿದ ಕೈಯ ಅಂಟು, ಅದಕ್ಕೆ ಹತ್ತಿದ ಮಣ್ಣು, ಎಲ್ಲಿವರೆಗೆ ಹೋಗಿದೆ ಅಂತ ಕಣ್ಣಿಗೆ ಬೀಳುತ್ತದೆ. ಐದಾರು ಕೈ ದಾಟಿದ ಹಳೆ ಪುಸ್ತಕಕ್ಕೆ ಇದು ನಡೆಯಲ್ಲ, ಎಲ್ಲ ಅಂಚೂ ಒಂದೇ ಬಣ್ಣ. ಅದಕ್ಕೆ ಒಂದು ಉದ್ದ ಚೀಟಿ ಇಟ್ಟು ಕೊಡುತ್ತೇನೆ. ಚೀಟಿಯ ಮೇಲೆ ಏನು ಬರೆದಿರುತ್ತೇನೆ ಅನ್ನುವುದನ್ನು ಇಲ್ಲಿ ಹೇಳಲ್ಲ. ಆದರೆ ಮಕ್ಕಳು ಅದನ್ನು ನಿಲ್ಲಿಸಿದ ಪುಟದಲ್ಲೇ ಬಿಟ್ಟು ತರುತ್ತಾರೆ, ಅಷ್ಟು ಖಾತ್ರಿ.

ಮೊದಲ ಎರಡು ಮೂರು ಪುಟದಲ್ಲೇ ನಿಂತಿದ್ದರೆ ಕತೆಯ ತಪ್ಪಲ್ಲ, ಅಕ್ಷರದ ತೊಂದರೆ. ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ನಲಿಕಲಿ ಪದ್ಧತಿ, ಕಾರ್ಡು ಹಿಡಿದು ಗುಂಪಿನಲ್ಲಿ ಕಲಿಯುವುದು. ನಾಲ್ಕಕ್ಕೆ ಬಂದ ತಕ್ಷಣ ಪುಟ ತುಂಬ ಅಕ್ಷರ. ಅಂಥ ಮಗುವಿಗೆ ಚಿಕ್ಕ ಮಕ್ಕಳ ಕತೆ ಕೊಡಬೇಡಿ. ಅದೇ ವಯಸ್ಸಿನ ಕತೆಯನ್ನೇ ದೊಡ್ಡಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಇರುವ ಅಚ್ಚಿನಲ್ಲಿ ಕೊಡಿ. ಹತ್ತು ಹದಿನೈದು ಪುಟ ಹೋಗಿ ನಿಂತಿದ್ದರೆ ಓದಲು ಬರುತ್ತದೆ, ಕತೆ ಎಳೆದಿದೆ ಅಂತ ಅರ್ಥ. ಬಿಟ್ಟ ಪುಟ ತೆರೆದು ನೋಡಿದರೆ ಹೆಚ್ಚಿನ ಸಲ ಅಲ್ಲಿ ವರ್ಣನೆ ಇರುತ್ತದೆ, ಇಲ್ಲವೆ ಒಟ್ಟಿಗೆ ನಾಲ್ಕೈದು ಹೊಸ ಹೆಸರು ಬಂದಿರುತ್ತವೆ. ಅವರಿಗೆ ಮಾತುಕತೆ ಜಾಸ್ತಿ ಇರುವುದು, ಮೊದಲ ಪುಟದಲ್ಲೇ ಏನೋ ಕಳೆದುಹೋಗುವುದು ಬೇಕು. ಮುಕ್ಕಾಲು ಓದಿ ಬಿಟ್ಟವರನ್ನು ನೋಡಿ ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಅವರಲ್ಲಿ ಹೆಚ್ಚಿನವರು ಕೊಯ್ಲಿನ ಸಮಯದಲ್ಲಿ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರು. ಬಿಡಿ ಬಿಡಿಯಾಗಿ ಹತ್ತು ನಿಮಿಷ ಸಿಗುತ್ತದೆ. ಅಧ್ಯಾಯ ಉದ್ದ ಇದ್ದರೆ ಎಲ್ಲಿದ್ದೆ ಅಂತ ಮರೆತುಹೋಗುತ್ತದೆ.

ಅವರಿಗಾಗಿ ನಾನು ಹುಡುಕಿದ್ದು ಸಣ್ಣ ಅಧ್ಯಾಯದ ಪುಸ್ತಕ. 'ತೊತ್ತೊ-ಚಾನ್' ಅದಕ್ಕೇ ನಮ್ಮಲ್ಲಿ ಓಡುತ್ತದೆ. ಜಪಾನಿನಲ್ಲಿ 1981ರಲ್ಲಿ ಬಂದದ್ದು, ನಮಗೆ ಸಿಗುವುದು ನ್ಯಾಷನಲ್ ಬುಕ್ ಟ್ರಸ್ಟ್‌ನ ಕನ್ನಡ ಪುಸ್ತಕ. ದೊಡ್ಡವರು ಅದನ್ನು ಶಿಕ್ಷಣದ ಪುಸ್ತಕ ಅಂತ ಮೆಚ್ಚಿಕೊಳ್ಳುತ್ತಾರೆ. ಮಕ್ಕಳಿಗೆ ಹಿಡಿಸುವುದು ಬೇರೆ: ರೈಲು ಡಬ್ಬಿಯಲ್ಲಿ ಕ್ಲಾಸು, ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ, ಎರಡು ಮೂರು ಪುಟಕ್ಕೆ ಮುಗಿಯುವ ಅಧ್ಯಾಯ. ಮಗುವನ್ನು ಪಕ್ಕದಲ್ಲಿ ಕೂರಿಸಿ, ಹೊಸ ಹೆಡ್‌ಮಾಸ್ಟರು ನಾಲ್ಕು ಗಂಟೆ ಅವಳ ಮಾತು ಕೇಳುವ ಭಾಗವನ್ನು ಓದಿ ಹೇಳುತ್ತೇನೆ, ಅಲ್ಲಿಗೆ ನಿಲ್ಲಿಸುತ್ತೇನೆ. ಕೇಳಿಕೊಂಡು ಒಯ್ಯದವರು ಕಡಿಮೆ.

ಆರನೇ ಕ್ಲಾಸಿನ ಹುಡುಗರಿಗೆ ತೇಜಸ್ವಿಯವರ 'ಪರಿಸರದ ಕತೆ'. ಪೂರ್ತಿ ಪುಸ್ತಕ ಅಲ್ಲ, ಕಿವಿ ಅನ್ನುವ ನಾಯಿ ಬರುವ ಭಾಗಕ್ಕೆ ಚೀಟಿ ಇಟ್ಟು ಕೊಡುತ್ತೇನೆ. ಅದರಲ್ಲಿ ಬರುವ ಮೂಡಿಗೆರೆಯ ಕಾಫಿ ತೋಟ ನಮ್ಮ ಹುಡುಗರಿಗೆ ಹೊಸದಲ್ಲ. ತೋಟ, ಕೆಲಸದವರು, ಕಾಡುಹಂದಿ, ಮಳೆ, ಯಾವುದನ್ನೂ ವಿವರಿಸಬೇಕಾಗಿಲ್ಲ. ಐದನೇ ಕ್ಲಾಸಿಗೆ ಇದೇ ಕೊಟ್ಟರೆ ನಡೆಯಲ್ಲ, ಬೇಕಾದರೆ ಪ್ರಯತ್ನಿಸಿ ನೋಡಿ. ಓದಲು ತೀರಾ ಹೆದರುವವರಿಗೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಎಲ್ಲರೂ ಒಟ್ಟಿಗೆ ಜೋರಾಗಿ ಓದುವುದು. ಎರಡನೇ ವಾರಕ್ಕೆ ಇಲಿಗಳ ಭಾಗ ಬಾಯಿಪಾಠ ಆಗಿರುತ್ತದೆ. ಆಮೇಲೆ ಪುಸ್ತಕ ಕೈಗೆ ಕೊಟ್ಟರೆ, ಬಾಯಿಗೆ ಬರುವುದನ್ನೇ ಕಣ್ಣು ಹಿಂಬಾಲಿಸುತ್ತದೆ. ಒತ್ತಕ್ಷರದ ಹೆದರಿಕೆ ಅಲ್ಲೇ ಅರ್ಧ ಹೋಗುತ್ತದೆ.

ಐದು ಬೆರಳಿನ ಪರೀಕ್ಷೆ ನಿಮಗೆಲ್ಲ ಗೊತ್ತು. ಒಂದು ಪುಟದಲ್ಲಿ ಬಾರದ ಪದಕ್ಕೆ ಒಂದೊಂದು ಬೆರಳು, ಐದಾದರೆ ಪುಸ್ತಕ ಕಷ್ಟ. ಇಂಗ್ಲಿಷಿಗೆ ಸರಿ ಇರಬಹುದು. ಕನ್ನಡಕ್ಕೆ ನನಗೆ ಸರಿಬರಲಿಲ್ಲ. ನಮ್ಮ ಮಕ್ಕಳಿಗೆ 'ಹೋಗು' ಗೊತ್ತು, 'ಹೋಗಬೇಕಾಗಿದ್ದರಿಂದ' ಬಂದರೆ ನಿಲ್ಲುತ್ತಾರೆ. ಅರ್ಥ ಗೊತ್ತಿಲ್ಲ ಅಂತಲ್ಲ, ಉದ್ದಕ್ಕೆ ಉಸಿರು ಸಾಲದು. ಹಾಗಾಗಿ ನಾನು ಬೆರಳು ಮಡಿಸುವುದು ತಡವರಿಸಿದ ಉದ್ದ ಪದಕ್ಕೆ ಮಾತ್ರ. ಮೂರಾದರೆ ಸಾಕು, ಬೇರೆ ಪುಸ್ತಕ.

ಇದರ ಜೊತೆಗೆ ಭಾಷೆಯ ವಿಷಯ. ನಮ್ಮ ಕೋಣೆಗೆ ಬರುವ ಮಕ್ಕಳು ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತಮಿಳು, ಯರವ ಮಾತಾಡುತ್ತಾರೆ. ಈಚೆಗೆ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಗಳಲ್ಲಿ, ಅಸ್ಸಾಮಿನಿಂದ ಬಂದವರೂ ಇದ್ದಾರೆ. ಕನ್ನಡ ಹೆಚ್ಚಿನವರಿಗೆ ಶಾಲೆಯ ಭಾಷೆ. ಪುಸ್ತಕದ ಮಾತು ತೀರಾ ಬೇರೆ ಊರಿನ ಆಡುಭಾಷೆಯಲ್ಲಿದ್ದರೆ ಒಳ್ಳೆಯ ಕತೆಯೂ ಬೀಳುತ್ತದೆ. ಒಮ್ಮೆ ಒಬ್ಬ ಯರವ ಅಜ್ಜಿಯಿಂದ ಕೇಳಿದ ಕತೆಯನ್ನು ಅವರ ಮೊಮ್ಮಗಳ ಕೈಲೇ ಕನ್ನಡದಲ್ಲಿ ಬರೆಸಿ, ನಾಲ್ಕು ಪುಟ ಜೆರಾಕ್ಸ್ ಮಾಡಿ ಇಟ್ಟೆ. ಅಚ್ಚಾದ ಎಷ್ಟೋ ಪುಸ್ತಕಗಳಿಗಿಂತ ಜಾಸ್ತಿ ಹೋಯಿತು. ಮುಂದುವರಿಸಬೇಕು ಅಂತ ಇದೆ, ಆದರೆ ಬರೆಸುವುದಕ್ಕೆ ತಾಳ್ಮೆ ಬಹಳ ಬೇಕು.

ನನಗೆ ಹೆಮ್ಮೆ ಇರುವುದು ದಪ್ಪ ಪುಸ್ತಕದ ಉಪಾಯದ ಬಗ್ಗೆ. ಹತ್ತು ವರ್ಷದ ಮಗು 16 ಪುಟದ ತೆಳು ಪುಸ್ತಕ ಹಿಡಿದು ರಸ್ತೆಯಲ್ಲಿ ಹೋಗಲು ನಾಚಿಕೊಳ್ಳುತ್ತದೆ. "ಅಂಗನವಾಡಿ ಪುಸ್ತಕ" ಅಂತ ಮುಖಕ್ಕೇ ಹೇಳಿದವರಿದ್ದಾರೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡ ಕತೆಗಳು ಪುಕ್ಕಟೆ ಸಿಗುತ್ತವೆ, ಮುದ್ರಿಸಿಕೊಳ್ಳಲು ಅನುಮತಿಯೂ ಇದೆ. ಅದರ ಮೂರು, ನಾಲ್ಕನೇ ಓದಿನ ಹಂತದ ಏಳೆಂಟು ಕತೆ ತೆಗೆದು, ಕಪ್ಪು ಬಿಳುಪಿನಲ್ಲಿ ಎರಡೂ ಬದಿ ಜೆರಾಕ್ಸ್ ಮಾಡಿಸಿ, ಒಂದೇ ಪುಸ್ತಕವಾಗಿ ಹೊಲಿದು ದಪ್ಪ ರಟ್ಟು ಹಾಕಿಸಿದೆ. ಮುಖಪುಟದಲ್ಲಿ ಚಿತ್ರ ಇಲ್ಲ, ಬರೀ ಹೆಸರು. ಬರೆದವರ, ಚಿತ್ರ ಮಾಡಿದವರ ಹೆಸರಿರುವ ಪುಟ ಮಾತ್ರ ಬಿಡಬೇಡಿ, ಅದು ಅನುಮತಿಯ ಷರತ್ತು. ಅದೇ ಕತೆಗಳು, ಅದೇ ಮಕ್ಕಳು, ಈಗ ಸಾಲು ನಿಲ್ಲುತ್ತಾರೆ. ಒಂದು ಪುಸ್ತಕಕ್ಕೆ ಜೆರಾಕ್ಸು, ಹೊಲಿಗೆ, ರಟ್ಟು ಎಲ್ಲ ಸೇರಿ 150ರ ಆಸುಪಾಸು ಬಿತ್ತು. ಸ್ಪೈರಲ್ ಅಗ್ಗ, ಆದರೆ ತೂತಿನ ಹತ್ತಿರ ಹಾಳೆ ಹರಿಯುತ್ತದೆ, ಒಂದು ಮಳೆಗಾಲ ಬಾಳುವುದಿಲ್ಲ. ಯಾವ ಕತೆ ಮೊದಲು, ಯಾವುದು ಕೊನೆಗೆ ಅನ್ನುವುದರಲ್ಲಿ ಒಂದು ಲೆಕ್ಕ ಇದೆ. ಅದು ನನ್ನಲ್ಲೇ ಇರಲಿ. ಸ್ಟೋರಿವೀವರ್‌ನಲ್ಲಿ ಅಸ್ಸಾಮಿ ಕತೆಗಳೂ ಇವೆ. ಎರಡು ಮೂರು ತೆಗೆದಿಟ್ಟಿದ್ದೆ. ಮಕ್ಕಳಿಗಿಂತ ಅವರ ಅಮ್ಮಂದಿರೇ ಜಾಸ್ತಿ ಓದಿದರು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ಇಲ್ಲಿಯವರೆಗೆ ಒಟ್ಟು 35,000 ಹತ್ತಿರ ಹೋಗಿರಬೇಕು. ಅದರಲ್ಲಿ ಮೂರನೇ ಒಂದು ಪಾಲು ನೀರಿಗೆ ಹಾಕಿದ ಹಾಗೆ. ಮೊದಲು ತಿಂಗಳಿಗೆ 20 ರೂಪಾಯಿ ಚಂದಾ ಇಟ್ಟಿದ್ದೆ, ಲೈನ್ ಮನೆಯ ಮಕ್ಕಳು ಬರುವುದನ್ನೇ ನಿಲ್ಲಿಸಿದರು. 50 ರೂಪಾಯಿ ಠೇವಣಿ ಮಾಡಿದೆ, ಅದೂ ಹಾಗೆಯೇ. ಈಗ ಏನೂ ಇಲ್ಲ. ನಾನೂರು ಚಿಲ್ಲರೆ ಪುಸ್ತಕದಲ್ಲಿ ಕಳೆದದ್ದು ಮೂವತ್ತರ ಒಳಗೆ. ಕಳೆದುಹೋದ ಪುಸ್ತಕ ಯಾವುದು ಅಂತ ಬರೆದಿಡಿ, ಹೇಳಿಟ್ಟಿರುತ್ತೇನೆ. ಮಕ್ಕಳು ವಾಪಸ್ ಕೊಡಲು ಮನಸ್ಸಾಗದ ಪುಸ್ತಕಗಳ ಪಟ್ಟಿ ಅದು. ನಾನು ಅದನ್ನೇ ಮತ್ತೆ ಕೊಳ್ಳುತ್ತೇನೆ. ಫಲ ಅಂತ ಹೇಳುವುದಾದರೆ, ಮೊದಲು ಹತ್ತು ಮಕ್ಕಳು ಒಯ್ದರೆ ಎರಡನೇ ಪುಸ್ತಕಕ್ಕೆ ಬರುತ್ತಿದ್ದವರು ಮೂರು ಜನ. ಈಗ ಏಳೆಂಟು.

ಕಳೆದುಹೋಗುವುದಕ್ಕಿಂತ ನನಗೆ ಹೊಡೆತ ಕೊಟ್ಟದ್ದು ಮಳೆ. ಕಕ್ಕಡದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ಜೋರು ಮಳೆಯ ತಿಂಗಳಲ್ಲಿ, ಶಾಲೆಗೆ ಮೇಲಿಂದ ಮೇಲೆ ರಜೆ, ಮಕ್ಕಳಿಗೆ ಪುಸ್ತಕ ಬೇಕಾಗುವುದು ಆಗಲೇ. ಪುಸ್ತಕಕ್ಕೆ ಬೂಷ್ಟು ಹಿಡಿಯುವುದೂ ಆಗಲೇ. ಒಂದು ವರ್ಷ ಒಂದು ಕಪಾಟಿನ ಕೆಳಗಿನ ಸಾಲು ಪೂರ್ತಿ ಹೋಯಿತು. ಬೇವಿನ ಸೊಪ್ಪು ಇಟ್ಟೆ, ಹುಳ ಕಡಿಮೆಯಾಯಿತು, ಬೂಷ್ಟು ಹೋಗಲಿಲ್ಲ. ಕರ್ಪೂರವೂ ಅಷ್ಟೇ. ಕೊನೆಗೆ ನಮ್ಮ ಮನೆಗಳಲ್ಲಿ ಬಟ್ಟೆ ಬೀರುವಿಗೆ ಮಾಡುವುದನ್ನೇ ಮಾಡಿದೆ, ಕಪಾಟಿನ ತಳದಲ್ಲಿ 40 ವ್ಯಾಟಿನ ಬಲ್ಬ್ ಹಾಕಿದೆ. ಎಲ್‌ಇಡಿ ಹಾಕಿ ಪ್ರಯೋಜನ ಇಲ್ಲ, ಅದರ ಕಾವು ಸಾಲದು. ಹಳೆಯ ತಂತಿ ಬಲ್ಬೇ ಬೇಕು, ಈಗ ಹುಡುಕಿ ತರಬೇಕು. ಸುತ್ತ ಜಾಲರಿ ಹಾಕಿ, ಹಾಳೆಯಿಂದ ಒಂದು ಮೊಳ ದೂರ ಇಡಿ. ಪುಸ್ತಕಗಳನ್ನು ಒತ್ತಾಗಿ ಜೋಡಿಸಬೇಡಿ, ಗಾಳಿ ಆಡಬೇಕು. ಅದಕ್ಕಿಂತ ಒಳ್ಳೆಯದು ಜೂನ್ ಕೊನೆಗೆ ಒಬ್ಬೊಬ್ಬರಿಗೆ ನಾಲ್ಕೈದು ಪುಸ್ತಕ ಹೊರಿಸಿ ಕಳಿಸುವುದು. ಒಲೆ ಉರಿಯುವ ಮನೆಯಲ್ಲಿ ಪುಸ್ತಕ ನನ್ನ ಕಪಾಟಿಗಿಂತ ಒಣಗಿರುತ್ತದೆ. ಹೊಗೆ ವಾಸನೆ ಬರುತ್ತದೆ, ಬರಲಿ.

ಅಪ್ಪ ಅಮ್ಮಂದಿರು ಕೇಳುವುದು ಈಗಲೂ ಒಂದೇ. "ಇದ್ರಿಂದ ಮಾರ್ಕ್ಸ್ ಬರುತ್ತಾ ಮೇಡಂ? ಇಂಗ್ಲಿಷ್ ಪುಸ್ತಕ ಇಲ್ವಾ?" ನಾನು ವಾದಕ್ಕೆ ಹೋಗುವುದಿಲ್ಲ. ಕನ್ನಡ, ಇಂಗ್ಲಿಷ್ ಎರಡೂ ಇರುವ ತೆಳು ಪುಸ್ತಕ ಒಂದನ್ನು ಮೇಲಿಟ್ಟು, ಮಗುವಿಗೆ ಬೇಕಾದದ್ದನ್ನು ಅದರ ಕೆಳಗೆ ಇಟ್ಟು ಕಟ್ಟಿ ಕೊಡುತ್ತೇನೆ.

ಈ ಸಲ ಕೈಯಲ್ಲಿ 3,000 ಇದೆ. ಹೊಸ ಹೆಸರುಗಳನ್ನು ತರಿಸುವುದಿಲ್ಲ. ಚೆನ್ನಾಗಿ ಹೋಗುವ ಹತ್ತು ಹದಿನೈದು ಪುಸ್ತಕಗಳ ಎರಡನೇ ಪ್ರತಿ ತರಿಸುತ್ತೇನೆ. ಇಬ್ಬರು ಗೆಳತಿಯರು ಒಂದೇ ವಾರ ಒಂದೇ ಪುಸ್ತಕ ಒಯ್ದರೆ ಒಬ್ಬಳು ಅರ್ಧಕ್ಕೆ ಬಿಡಲು ಇನ್ನೊಬ್ಬಳು ಬಿಡುವುದಿಲ್ಲ. ಹೋದ ಕೊಯ್ಲಿನ ಸಮಯದಲ್ಲಿ ಎರಡು ಜೋಡಿಗಳ ಮೇಲೆ ನೋಡಿದ್ದೇನೆ, ನಾಲ್ಕೂ ಪುಸ್ತಕ ಕೊನೆವರೆಗೆ ಮಾಸಿ ಬಂದವು. ನ್ಯಾಷನಲ್ ಬುಕ್ ಟ್ರಸ್ಟ್‌ನವು ಅಗ್ಗ, ಅವನ್ನು ಮೊದಲು ಬರೆಯುತ್ತೇನೆ. ಉಳಿದ ದುಡ್ಡಿಗೆ ಇನ್ನೆರಡು ದಪ್ಪ ಪುಸ್ತಕ ಹೊಲಿಸಬೇಕು, ಜೂನ್ ಮೊದಲ ಮಳೆಗೆ ಮುಂಚೆ.