ಸಂಘದ ಸಾಲ: ದುಡ್ಡು ಯಾರ ಕೈಗೆ ಬರುತ್ತೆ ಅಂತ ನೋಡಿ ಕಂತು ಹಾಕಿದ್ದು

ಶಿಡ್ಲಘಟ್ಟದ ಕಡೆ ಮಹಿಳಾ ಸಂಘಗಳ ಲೆಕ್ಕ ಬರೆಯುವಾಗ ನಾನು "ತಿಂಗಳ ಆದಾಯ ಎಷ್ಟು?" ಅಂತ ಕೇಳೋದಿಲ್ಲ. ರೇಷನ್ ಕಾರ್ಡು ಹೋದೀತು ಅನ್ನೋ ಭಯಕ್ಕೆ ಯಾರೂ ನಿಜ ಹೇಳಲ್ಲ. "ಹೋದ ವಾರ ಅಕ್ಕಿ, ಎಣ್ಣೆ ಯಾವ ದುಡ್ಡಲ್ಲಿ ತಂದಿರಿ?" ಅಂತ ಒಬ್ಬೊಬ್ಬರ ಮನೇಲೇ ಕೂತು ಕೇಳಿದರೆ ಕೂಲಿ, ಹಾಲಿನ ಬಟವಾಡೆ, ಅಂಗಡಿ ಬಾಕಿ ಎಲ್ಲ ತಾನಾಗೇ ಹೊರಗೆ ಬರುತ್ತೆ. ಅದನ್ನ ನಾಲ್ಕು ಕಾಲಮ್ಮಿನಲ್ಲಿ ಬರೆದುಕೊಳ್ತೇನೆ: ಯಾವ ಕೆಲಸದ ದುಡ್ಡು, ಯಾವಾಗ ಬರುತ್ತೆ, ಯಾರ ಕೈಗೆ, ಈಗಾಗಲೇ ಯಾರಿಗೆ ಕೊಡೋದಿದೆ.

ಮೂರನೆಯದೇ ಮುಖ್ಯ. ಹಿಪ್ಪುನೇರಳೆ ತೋಟ ಇರೋ ಮನೆ ಅನುಕೂಲಸ್ಥರದ್ದು ಅನ್ನಿಸುತ್ತೆ. ಆದರೆ ಎಷ್ಟೋ ಮನೆಗಳಲ್ಲಿ ರೇಷ್ಮೆ ಗೂಡಿನ ಹಣ ಗಂಡನ ಖಾತೆಗೆ ಹೋಗುತ್ತೆ, ಡೈರಿ ಸದಸ್ಯತ್ವವೂ ಅವನ ಹೆಸರಲ್ಲೇ. ಹಗಲು ರಾತ್ರಿ ಹುಳಕ್ಕೆ ಸೊಪ್ಪು ಹಾಕಿದವಳು ಉಳಿತಾಯದ 50 ರೂಪಾಯಿಗೂ ಅವನನ್ನೇ ಕೇಳಬೇಕು. ದಲಿತ ಕೇರಿಯ ಕೂಲಿ ಹೆಂಗಸಿಗೆ ಬರೋದು ಕಡಿಮೆ, ಆದರೂ ಅವಳ ಕೈಗೇ ಬರುತ್ತೆ. ಸಣ್ಣ ಕಂತನ್ನ ತಪ್ಪದೆ ಕಟ್ಟೋದು ಅವಳೇ. ಜಮೀನು ನೋಡಿ ಸಾಲ ಹಂಚುವ ಸಂಘ ಎಡವೋದು ಇಲ್ಲೇ.

ಹಾಗಾಗಿ 10,000 ರೂಪಾಯಿ ಸಾಲವನ್ನ ಕೂಲಿಯವರಿಗೆ ವಾರಕ್ಕೆ 250ರಂತೆ 40 ಕಂತು ಮಾಡಿದೆವು. ರೇಷ್ಮೆ ಮನೆಗೆ ಬೆಳೆ ಬೆಳೆಗೆ ಒಂದು ಕಂತು, ಗಂಡನೂ ಸಭೆಗೆ ಬಂದು ಒಪ್ಪಿ ಸಹಿ ಹಾಕಬೇಕು. ಸಪ್ಪೆ ರೋಗ ಬಂದು ಹುಳ ಹೋದರೆ ಕಂತು ಮುಂದಿನ ಬೆಳೆಗೆ ಹೋಗುತ್ತೆ, ಆದರೆ ಆವರೆಗಿನ ಬಡ್ಡಿ ಕಟ್ಟಲೇಬೇಕು. ಹುಳ ನಾಲ್ಕನೇ ಜ್ವರದಿಂದ (ಮೇವು ಬಿಟ್ಟು ಪೊರೆ ಕಳಚೋದಕ್ಕೆ ಜ್ವರ ಅಂತಾರೆ) ಎದ್ದ ವಾರ ಆ ಮನೆಯವರಿಗೆ ಗೈರುಹಾಜರಿ ದಂಡ ಇಲ್ಲ. ಆಗ ಸೊಪ್ಪಿನ ಕೆಲಸ ಬಿಟ್ಟು ಬರೋಕೆ ಆಗೋದೇ ಇಲ್ಲ.

ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಉಳಿದ ಅಸಲಿನ ಮೇಲೆ ಮಾತ್ರ. 10,000ವನ್ನ ತಿಂಗಳಿಗೆ ಸಾವಿರದಂತೆ ಹತ್ತು ತಿಂಗಳಲ್ಲಿ ತೀರಿಸಿದರೆ ಒಟ್ಟು ಬಡ್ಡಿ 1,100. ಮೊದಲ ಅಸಲಿನ ಮೇಲೇ ಕೊನೇವರೆಗೂ ಹಾಕುತ್ತಾ ಹೋದರೆ ಅದೇ 2,000. ಓದು ಬಾರದ ಸದಸ್ಯೆಯರಿಂದ 900 ರೂಪಾಯಿ ಹೀಗೆ ಸುಮ್ಮನೆ ಕೀಳೋದು ಅನ್ಯಾಯ. ಅದಕ್ಕೇ ಪ್ರತಿ ಸಭೆಯಲ್ಲೂ ಅವರವರ ಉಳಿದ ಅಸಲನ್ನ ಜೋರಾಗಿ ಓದಿಸ್ತೇವೆ.

ಗೂಡಿನಿಂದ ನೂಲು ತೆಗೆಯೋ ರೀಲಿಂಗ್ ಘಟಕದಲ್ಲಿ ಮುಂಗಡ ಪಡೆದವರದ್ದು ಬೇರೆ ಕಷ್ಟ. ಮುಂಗಡ ತೀರೋವರೆಗೆ ಮಾಲೀಕರನ್ನ ಬಿಡೋ ಹಾಗಿಲ್ಲ, ಕೂಲಿ ಜಾಸ್ತಿ ಕೇಳೋ ಹಾಗೂ ಇಲ್ಲ. ಅದನ್ನ ತೀರಿಸೋಕೆ ಸಾಲ ಕೊಟ್ಟರೆ ಇಬ್ಬರು ಸದಸ್ಯೆಯರು ಜೊತೆಗೆ ಹೋಗಿ, ಹಣ ಎಣಿಸಿ, ಚೀಟಿ ಬರೆಸಿಕೊಂಡು ಬರ್ತಾರೆ.

ಸಭೆ ಅಂಗನವಾಡಿಯಲ್ಲಿ, ರಾತ್ರಿ ಏಳೂವರೆಗೆ. ಜಮೀನುದಾರರ ಜಗಲಿಯಲ್ಲಿ ಇಟ್ಟರೆ ಕೇರಿಯವರು ಅಂಗಳದಲ್ಲೇ ನಿಂತುಬಿಡ್ತಾರೆ, ಸಾಲ ಕೇಳೋಕೂ ಬಾಯಿ ಬರಲ್ಲ. ಬ್ಯಾಂಕಿನಲ್ಲಿ ಸಹಿ ಹಾಕೋ ಇಬ್ಬರಲ್ಲಿ ಒಬ್ಬರು ಕೇರಿಯವರೇ ಇರಬೇಕು ಅಂತ ನಿರ್ಣಯ ಪುಸ್ತಕದಲ್ಲೇ ಬರೆಸಿದ್ದೇವೆ.